ಅಪ್‌ಡೇಟ್: ಎಕ್ಸ್‌ಪ್ರೆಸ್‌ಕಾರ್ಡ್‌ನಲ್ಲಿ ಹಾರ್ಡ್‌ಡಿಸ್ಕ್ ಕಟ್ ಆಗೋದು ನಿಂತಿದೆ

ಹಳೇ ಲ್ಯಾಪ್‌ಟಾಪ್‌ನ ಯುಎಸ್‌ಬಿ 3.0 ಎಕ್ಸ್‌ಪ್ರೆಸ್‌ಕಾರ್ಡ್‌ನಲ್ಲಿ (ಲ್ಯಾಪ್‌ಟಾಪ್ ಪಕ್ಕದ ಸ್ಲಾಟ್‌ಗೆ ತೂರಿಸಿ ಯುಎಸ್‌ಬಿ ಪೋರ್ಟ್ ಸೇರಿಸೋ ಕಾರ್ಡ್) ಕಾಪಿ ನಡುವೆಯೇ ಹಾರ್ಡ್‌ಡಿಸ್ಕ್ ಕಟ್ ಆಗುತ್ತೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು. ಡ್ರೈವರ್ ಚೆನ್ನಾಗೇ ಇತ್ತು, ಕರೆಂಟ್ ಸಾಲ್ತಿರಲಿಲ್ಲ. ಈ ಸ್ಲಾಟ್ ಕೊಡೋದು 3.3 ಮತ್ತು 1.5 ವೋಲ್ಟ್ ಮಾತ್ರ, ಡಿಸ್ಕ್‌ಗೆ ಬೇಕಾದ್ದು 5 ವೋಲ್ಟ್. ಕಾರ್ಡ್ ಪಕ್ಕದ ಸಣ್ಣ ಪವರ್ ಜ್ಯಾಕ್ ಇರೋದೇ ಅದಕ್ಕೆ. ಲ್ಯಾಪ್‌ಟಾಪ್‌ನ ಯುಎಸ್‌ಬಿ 2.0 ಪೋರ್ಟ್‌ನಿಂದ ಕೇಬಲ್ ಕೊಟ್ಟರೂ ಸಾಲಲ್ಲ: ಅದರ ಮಿತಿ 500 ಮಿಲಿಆಂಪ್, ಡಿಸ್ಕ್ ತಿರುಗೋಕೆ ಶುರುವಾದಾಗ ಅದಕ್ಕಿಂತ ಜಾಸ್ತಿ ಎಳೆಯುತ್ತೆ. ದಾವಣಗೆರೆಯಲ್ಲೇ ಸಿಕ್ಕ 5 ವೋಲ್ಟ್, 2 ಆಂಪ್ ಅಡಾಪ್ಟರ್ ಹಾಕಿದೆ, ದೊಡ್ಡ ಫೈಲ್‌ಗಳೂ ಪೂರ್ತಿ ಹೋಗ್ತಿವೆ. ಪಿನ್‌ನ ಪ್ಲಸ್-ಮೈನಸ್ ಮಾತ್ರ ಕಾರ್ಡ್ ಮೇಲಿನ ಗುರುತಿಗೆ ಹೊಂದುತ್ತಾ ನೋಡಿಯೇ ಹಾಕಿ, ಉಲ್ಟಾ ಆದರೆ ಕಾರ್ಡ್ ಸುಟ್ಟುಹೋಗಬಹುದು.

54 ಮಿ.ಮೀ. ಅಗಲದ ಸ್ಲಾಟ್‌ನಲ್ಲಿ 34 ಮಿ.ಮೀ. ಕಾರ್ಡ್ ಅಲ್ಲಾಡುತ್ತೆ, ಕೇಬಲ್ ಜೋತುಬೀಳದ ಹಾಗೆ ನೋಡಿಕೊಳ್ಳಿ. ಕಾರ್ಡ್ ತೆಗೆದಾಗ ಸ್ಲಾಟ್ ಮುಚ್ಚೋ ಡಮ್ಮಿ ಕಾರ್ಡ್ ಹಾಕಿಡಿ, ನಮ್ಮೂರ ಬೇಸಿಗೆ ಧೂಳು ಸೀದಾ ಪಿನ್‌ಗೇ ಕೂರುತ್ತೆ.