ನಾಲ್ಕು ರೌಂಡ್ ಹೋದ ತಕ್ಷಣ ಯಾಕೆ ಕೈಚೆಲ್ಲಿ ಕೂರ್ತಾರೆ?

ವಿದ್ಯಾನಗರ_ದಾವಣಗೆರೆ
ವ್ಯಾಲರಂಟ್ ರ‍್ಯಾಂಕ್ಡ್ ಆಡುವವರಿಗೆ ಒಂದು ಪ್ರಶ್ನೆ (ಐದೈದು ಜನರ ಎರಡು ಟೀಮ್ ಆನ್‌ಲೈನ್‌ನಲ್ಲಿ ಆಡೋ ಶೂಟಿಂಗ್ ಗೇಮ್ ಅದು). ರಾತ್ರಿ ಊಟ ಆದಮೇಲೆ ನಾನು, ನನ್ನ ತಮ್ಮ ಆಡೋಕೆ ಕೂರುತ್ತೇವೆ. ಉಳಿದ ಮೂವರು ಯಾರೋ ಏನೋ. 0-4 ಆಯ್ತು ಅಂದ್ರೆ ಚಾಟ್‌ನಲ್ಲಿ ‘ಎಫ್‌ಎಫ್’ ಶುರು, ಅಂದ್ರೆ ಸೋಲೊಪ್ಪಿ ಮ್ಯಾಚ್ ಬಿಡೋಣ ಅಂತ. ಗೆಲ್ಲೋಕೆ 13 ರೌಂಡ್ ಬೇಕು, ಇನ್ನೂ ಸೈಡ್ (ದಾಳಿ/ರಕ್ಷಣೆ) ಕೂಡ ಬದಲಾಗಿರಲ್ಲ. ಬಿಡೋಕೆ ಹಾಕಿದ ವೋಟ್ ಪಾಸ್ ಆಗದಿದ್ದರೆ ಒಬ್ಬ ರೌಂಡ್ ಶುರುವಾಗೋ ಜಾಗ, ಅಂದ್ರೆ ಸ್ಪಾನ್‌ನಲ್ಲೇ ನಿಂತುಬಿಡುತ್ತಾನೆ. ನಿನ್ನೆ ನಮ್ಮ ಟೀಮಿನಲ್ಲಿ ಸೇಜ್ (ಗಾಯ ವಾಸಿಮಾಡೋ ಪಾತ್ರ) ಆಡ್ತಿದ್ದವನು ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ತಮ್ಮ ಮೈಕ್‌ನಲ್ಲಿ ‘ಬ್ರೋ, ಒಂದ್ಸಲ ಹೀಲ್ ಮಾಡು ಸಾಕು’ ಅಂತ ಕೇಳುತ್ತಲೇ ಇದ್ದ. ಸೋತಿದ್ದಕ್ಕಿಂತ ಅದೇ ಬೇಜಾರಾಯ್ತು. ಯಾಕೆ ಹೀಗೆ ಮಾಡ್ತಾರೆ?

ದುರ್ಗದವನು
ನಾನು ಆಡೋದು ಲೀಗ್ ಆಫ್ ಲೆಜೆಂಡ್ಸ್, ಅದೂ ಐದೈದು ಜನರ ಟೀಮ್ ಗೇಮ್. ಅಲ್ಲಿ 15ನೇ ನಿಮಿಷಕ್ಕೆ ಐವರೂ ಒಪ್ಪಿದರೆ ಸರೆಂಡರ್ ಆಗಬಹುದು, 20 ದಾಟಿದರೆ ನಾಲ್ವರು ಸಾಕು. ನನಗೆ ಬೆಳಿಗ್ಗೆ ಆರಕ್ಕೆ ಶಿಫ್ಟ್ ಇರುತ್ತೆ. ಕೈಬಿಟ್ಟುಹೋದ ಮ್ಯಾಚ್‌ಗೆ ಇನ್ನೂ ಅರ್ಧ ಗಂಟೆ ಕೊಡೋಕೆ ಮನಸ್ಸು ಬರಲ್ಲ, ಆಗ ವೋಟ್ ಹಾಕ್ತೀನಿ. ಅದು ತಪ್ಪಲ್ಲ. ವೋಟ್ ಬಿದ್ದುಹೋದ ಮೇಲೂ ಆಡದೆ ನಿಲ್ಲೋದಿದೆಯಲ್ಲ, ಅದು ಮಾತ್ರ ಸರಿಯಲ್ಲ.

ಕೆಫೆ_ಪಿಜೆ_ಬಡಾವಣೆ
ನಾನು ಇಲ್ಲೇ ಪಿ.ಜೆ. ಬಡಾವಣೆಯಲ್ಲಿ ಗೇಮಿಂಗ್ ಕೆಫೆ ನೋಡಿಕೊಳ್ಳುತ್ತೇನೆ. ದಿನಾ ಕಾಣೋದನ್ನ ಹೇಳ್ತೀನಿ.

ಐದು ಜನ ಗೆಳೆಯರು ಅಕ್ಕಪಕ್ಕ ಕೂತು ಆಡುವಾಗ 2-9 ಇದ್ದರೂ ಯಾರೂ ಎಫ್‌ಎಫ್ ಅನ್ನಲ್ಲ. ಕೂಗಾಡ್ತಾರೆ, ಬೈಕೊಳ್ತಾರೆ, ಆದರೂ ಆಡ್ತಾರೆ. ಅದೇ ಹುಡುಗ ಮಾರನೇ ದಿನ ಒಬ್ಬನೇ ಬಂದು ರ‍್ಯಾಂಡಮ್ ಜನರ ಜೊತೆ ಕೂತರೆ ಐದನೇ ರೌಂಡ್‌ಗೆ ವೋಟ್ ಹಾಕ್ತಾನೆ. ಆಟ ಅದೇ, ಕೈ ಅದೇ. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುವಾಗ 30ಕ್ಕೆ 7 ವಿಕೆಟ್ ಬಿದ್ದರೂ ಯಾರೂ ಬ್ಯಾಟ್ ಎಸೆದು ಮನೆಗೆ ಹೋಗಲ್ಲ ಅಲ್ವಾ? ನಾಳೆ ಅದೇ ಮುಖಗಳನ್ನ ನೋಡಬೇಕು.

ಬಿಡುವ ಹೊತ್ತನ್ನ ಹತ್ತಿರದಿಂದ ನೋಡಿದ್ದೀನಿ. ಯಾರೋ ಮೈಕ್‌ನಲ್ಲಿ ‘ಜೆಟ್ ನೂಬ್’ ಅಂತಾನೆ, ಅಂದ್ರೆ ಜೆಟ್ ಪಾತ್ರ ಆಡೋನಿಗೆ ಆಟ ಬರಲ್ಲ ಅಂತ. ಹುಡುಗ ಹೆಡ್‌ಸೆಟ್‌ನ ಒಂದು ಕಿವಿ ಸರಿಸ್ತಾನೆ. ಮುಂದಿನ ರೌಂಡ್‌ನಲ್ಲಿ ಮ್ಯೂಟ್. ಅದರ ಮುಂದಿನದಕ್ಕೆ ಗನ್ ಕೊಳ್ಳದೆ ಚಾಕು ಹಿಡಿದು ಓಡ್ತಾನೆ. ಸ್ಕೋರ್ ನೋಡಿ ಬಿಟ್ಟವರು ಕಡಿಮೆ. ಉಳಿದ ನಾಲ್ವರ ಮೇಲೆ ನಂಬಿಕೆ ಹೋದಮೇಲೆ, ಮನಸ್ಸಿಟ್ಟು ಆಡಿ ಸೋಲೋದಕ್ಕಿಂತ ಸುಮ್ನೆ ಬಿಟ್ಟು ಸೋಲೋದೇ ಮರ್ಯಾದೆ ಅನ್ನಿಸುತ್ತೆ. ‘ನಾನು ಆಡಲೇ ಇಲ್ಲ’ ಅಂತ ಹೇಳಿಕೊಳ್ಳಬಹುದಲ್ಲ.

ಇನ್ನೊಂದು ವಿಷಯ, 0-2ಕ್ಕೆ ಹೆದರಲೇಬಾರದು. ಮೊದಲ ರೌಂಡ್‌ಗೆ ಎಲ್ಲರ ಹತ್ತಿರ 800 ಕ್ರೆಡಿಟ್, ಅಂದ್ರೆ ಗನ್ ಕೊಳ್ಳೋಕೆ ಆಟದೊಳಗಿನ ಹಣ. ಗೆದ್ದವರಿಗೆ 3000 ಬರುತ್ತೆ, ಸೋತವರಿಗೆ 1900. ಎರಡನೇ ರೌಂಡ್ ಸೋಲೋದು ಹೆಚ್ಚುಕಮ್ಮಿ ಅಲ್ಲೇ ಬರೆದಾಗಿರುತ್ತೆ. ಆದರೆ ಸತತ ಎರಡನೇ ಸೋಲಿಗೆ 2400 ಸಿಗುತ್ತೆ. ಎರಡನೇ ರೌಂಡ್‌ನಲ್ಲಿ ಹಣ ಉಳಿಸಿದ್ದರೆ ಮೂರನೇದಕ್ಕೆ 2900ರ ವ್ಯಾಂಡಲ್ ರೈಫಲ್ ಕೈಯಲ್ಲಿರುತ್ತೆ. 13ನೇ ರೌಂಡ್‌ಗೆ ಸೈಡ್ ಬದಲಾಗಿ ಮತ್ತೆ ಎಲ್ಲರಿಗೂ 800. 3-9 ಇದ್ದರೂ ಆ ಪಿಸ್ತೂಲ್ ರೌಂಡ್ ಗೆದ್ದರೆ ಮುಂದಿನದೂ ಸೇರಿ 5-9 ಆಗೋದು ಕಷ್ಟವಲ್ಲ. ಸೋತರೂ ಅಂತರ ಕಡಿಮೆ ಇದ್ದಷ್ಟು ರ‍್ಯಾಂಕ್ ಪಾಯಿಂಟ್ ಕಮ್ಮಿ ಹೋಗುತ್ತೆ. ಅದಕ್ಕೇ ಪ್ರತಿ ರೌಂಡ್‌ಗೂ ಬೆಲೆ ಇದೆ ಅಂತ ಹುಡುಗರಿಗೆ ಹೇಳ್ತಾನೇ ಇರ್ತೀನಿ.

ದುರ್ಗದವನು
ಒಬ್ಬನೇ ಕೂತಾಗ ನಾನೂ ಬೇಗ ವೋಟ್ ಹಾಕ್ತೀನಿ, ಅದು ನಿಜ. ಶಿಫ್ಟ್ ಇಲ್ಲದ ದಿನವೂ.

ವಿದ್ಯಾನಗರ_ದಾವಣಗೆರೆ
ಥ್ಯಾಂಕ್ಸ್ ಅಣ್ಣ. ಆ ಸೇಜ್‌ಗೆ ಎರಡನೇ ರೌಂಡ್‌ನಲ್ಲೇ ನಮ್ಮ ಟೀಮಿನವನೊಬ್ಬ ಹಿಂದಿಯಲ್ಲಿ ಕೆಟ್ಟದಾಗಿ ಬೈದಿದ್ದ. ಈಗ ನೆನಪಾಯ್ತು. ಬೈದವನಿಗೆ ಆಗಲೇ ಸಾಕು ಮಾಡು ಅಂದಿದ್ದರೆ ಸೇಜ್ ಆಡ್ತಿದ್ದನೇನೋ. ಶನಿವಾರ ರಾತ್ರಿ ಒಂಬತ್ತಕ್ಕೆ ನಾವಿಬ್ಬರೂ ಇರ್ತೀವಿ, ಇನ್ನೂ ಮೂವರು ಬೇಕು. ಬರುವವರು ಇಲ್ಲೇ ಹೇಳಿ. ರ‍್ಯಾಂಕ್ ಯಾವುದಾದರೂ ಪರವಾಗಿಲ್ಲ, ಮೈಕ್ ಇರಲಿ.