ದಿನಕ್ಕೊಂದು ಸ್ಕ್ರೀನ್‌ಶಾಟ್ ತನ್ನಷ್ಟಕ್ಕೇ ತೆಗೆಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಮಂಗಳೂರು ಬಂದರಿನಿಂದ:

ನಾನು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುವವ. ದಿನದ ಧಾರಣೆ ಹಾಕುವ ಒಂದು ವೆಬ್ ಪುಟ ಉಂಟು. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಹೀಗೆ ಅಡಿಕೆಯ ಎಲ್ಲ ತರದ ರೇಟೂ ಅದರಲ್ಲಿ ಬರುತ್ತದೆ. ಮರುದಿನ ಹೊಸ ರೇಟು ಬಂದರೆ ಹಿಂದಿನದು ಹೋಯಿತು, ಮತ್ತೆ ಸಿಗುವುದಿಲ್ಲ. ಈಗ ನಾನೇ ವಿಂಡೋಸ್ ಕೀ ಮತ್ತು ಪ್ರಿಂಟ್‌ಸ್ಕ್ರೀನ್ ಒತ್ತಿ ಇಟ್ಟುಕೊಳ್ಳುತ್ತೇನೆ. ಗಿರಾಕಿ ಜಾಸ್ತಿ ಇದ್ದ ದಿನ ಮರೆತೇ ಹೋಗುತ್ತದೆ. ಮೊನ್ನೆ ಒಬ್ಬರು ಬಂದು ಒಂದು ದಿನದ ಪಟೋರ ರೇಟು ಕೇಳಿದರು. ಸರಿಯಾಗಿ ಆ ದಿನದ್ದೇ ಇಲ್ಲ! ಕಮಾಂಡ್ ಕೊಟ್ಟು ತೆಗೆಸಬಹುದಂತೆ, ಹೌದಾ? ನನ್ನದು ವಿಂಡೋಸ್ 10. ಪ್ರೋಗ್ರಾಮಿಂಗ್ ಗೊತ್ತಿಲ್ಲ.

ಮಣಿಪಾಲದಿಂದ:

ಆಗುತ್ತದೆ. ಆದರೆ ಮೊದಲು ಒಂದು ವಿಷಯ ತೀರ್ಮಾನಿಸಿ. ನಿಮಗೆ ಬೇಕಾದದ್ದು ಸ್ಕ್ರೀನಿನ ಚಿತ್ರವೋ, ಆ ಪುಟದ ಚಿತ್ರವೋ? ಎರಡೂ ಒಂದೇ ಅಲ್ಲ. ಸ್ಕ್ರೀನ್ ತೆಗೆದರೆ ಆ ಹೊತ್ತಿಗೆ ಎದುರಿಗೆ ಏನಿದೆಯೋ ಅದೇ ಬರುತ್ತದೆ. ಟ್ಯಾಲಿ ತೆರೆದಿದ್ದರೆ ಟ್ಯಾಲಿ, ವಾಟ್ಸ್ಯಾಪ್ ತೆರೆದಿದ್ದರೆ ವಾಟ್ಸ್ಯಾಪ್, ಬ್ಯಾಂಕಿನದ್ದು ತೆರೆದಿದ್ದರೆ ನಿಮ್ಮ ಬ್ಯಾಲೆನ್ಸ್. ಲಾಕ್ ಆಗಿದ್ದರೆ ಬರೀ ಕಪ್ಪು, ಇಲ್ಲವೇ ಎರರ್. ನಾನು ಹೀಗೇ ಒಂದು ವಾರ ಕಪ್ಪು ಚಿತ್ರ ಕೂಡಿಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ನಿಮಗೆ ಪುಟ ಸಾಕು. ಅದಕ್ಕೆ ಕ್ರೋಮ್ ಒಂದೇ ಸಾಕು, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ. 2017ರಿಂದ ಅದರಲ್ಲಿ 'ಹೆಡ್‌ಲೆಸ್' ಎಂಬ ವ್ಯವಸ್ಥೆ ಇದೆ. ಕ್ರೋಮ್ ಕಣ್ಣಿಗೆ ಕಾಣಿಸಿಕೊಳ್ಳದೆ ಪುಟ ತೆರೆದು, ಚಿತ್ರ ಉಳಿಸಿ, ಮುಚ್ಚಿಕೊಂಡು ಹೋಗುತ್ತದೆ. ಕಮಾಂಡಿನಲ್ಲಿ ಮೊದಲು ಕ್ರೋಮ್ ಇರುವ ಜಾಗದ ಪೂರ್ತಿ ವಿಳಾಸ. ಅದನ್ನು ಉದ್ಧರಣ ಚಿಹ್ನೆಯೊಳಗೇ ಹಾಕಿ, 'ಪ್ರೋಗ್ರಾಮ್ ಫೈಲ್ಸ್' ಎಂಬ ಹೆಸರಿನ ನಡುವೆ ಖಾಲಿ ಜಾಗ ಇರುವುದರಿಂದ ಇಲ್ಲದಿದ್ದರೆ ಅಲ್ಲೇ ಮುಗ್ಗರಿಸುತ್ತದೆ. ಆಮೇಲೆ ಹೆಡ್‌ಲೆಸ್, ಸ್ಕ್ರೀನ್‌ಶಾಟ್, ವಿಂಡೋ-ಸೈಜ್ ಎಂಬ ಮೂರು ಆಯ್ಕೆ, ಒಂದೊಂದರ ಮುಂಚೆಯೂ ಎರಡೆರಡು ಅಡ್ಡಗೆರೆ. ಕೊನೆಗೆ ಪುಟದ ವಿಳಾಸ. ಸೈಜಿಗೆ 1280, 2000 ಎಂದು ಕೊಟ್ಟು ನೋಡಿ. ಎತ್ತರ ಕಡಿಮೆಯಾದರೆ ಕೆಳಗಿನ ಸಾಲು ತುಂಡಾಗುತ್ತದೆ. ರೇಟು ತಡವಾಗಿ ಮೂಡುವ ಪುಟವಾದರೆ 'ವರ್ಚುವಲ್-ಟೈಮ್-ಬಜೆಟ್' ಎಂದು 10000 ಕೊಡಿ. ಅದು ಮಿಲಿಸೆಕೆಂಡಿನ ಲೆಕ್ಕ.

ಇದನ್ನು ದಿನಾ ಓಡಿಸಲು ವಿಂಡೋಸ್‌ನದ್ದೇ ಟಾಸ್ಕ್ ಶೆಡ್ಯೂಲರ್ ಇದೆ. ಚಿತ್ರ ಎಲ್ಲಿ ಉಳಿಯಬೇಕೆಂದು ಡಿ ಡ್ರೈವಿನಿಂದ ಶುರು ಮಾಡಿ ಪೂರ್ತಿ ಬರೆಯಿರಿ. ಬರೀ ಫೈಲಿನ ಹೆಸರು ಬರೆದರೆ ಶೆಡ್ಯೂಲರ್ ಅದನ್ನು ವಿಂಡೋಸ್‌ನ ಸ್ವಂತ 'ಸಿಸ್ಟಮ್32' ಫೋಲ್ಡರಿನಲ್ಲಿ ಇಡಲು ಹೋಗುತ್ತದೆ, ಅಲ್ಲಿ ಬಿಡುವುದಿಲ್ಲ. ಕೈಯಲ್ಲಿ ಓಡಿಸಿದಾಗ ಸರಿಯಾಗಿ ಬಂದದ್ದು ಶೆಡ್ಯೂಲರಿನಲ್ಲಿ ಬರಲಿಲ್ಲ ಎಂದರೆ ಹೆಚ್ಚಾಗಿ ಇದೇ ಕಾರಣ.

ಇನ್ನೊಂದು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಸಮಯ ತಪ್ಪಿದರೆ ಮತ್ತೆ ಆದಷ್ಟು ಬೇಗ ಓಡಿಸು ಎಂಬ ಒಂದು ಚೌಕ ಸೆಟ್ಟಿಂಗ್ಸ್‌ನಲ್ಲಿ ಇದೆ. ಅದಕ್ಕೆ ಟಿಕ್ ಹಾಕಿ.

ಮಲ್ಪೆಯಿಂದ:

ಮೇಲಿನವರು ಹೇಳಿದ್ದು ಸರಿ. ಫೈಲಿನ ಹೆಸರಿನ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನಾನು ಅದರಲ್ಲೇ ಕೈ ಸುಟ್ಟುಕೊಂಡದ್ದು.

ನಾನು ಬೋಟಿನ ಲೆಕ್ಕ ನೋಡುವವನು. ಅಲೆಯ ಎತ್ತರದ ಮುನ್ಸೂಚನೆ ಕೊಡುವ ಇನ್‌ಕಾಯಿಸ್ ಪುಟವನ್ನು ದಿನಾ ಬೆಳಿಗ್ಗೆ 5:05ಕ್ಕೆ ಉಳಿಸುವ ಹಾಗೆ ಮಾಡಿದ್ದೆ. ಹೆಸರಿಗೆ ತಾರೀಕು ಬರಲಿ ಎಂದು ವಿಂಡೋಸ್‌ನಲ್ಲಿ ಕಮಾಂಡ್ ಬರೆಯುವ ಪವರ್‌ಶೆಲ್‌ನಲ್ಲಿ ವರ್ಷ, ತಿಂಗಳು, ದಿನ ಎಂದು ಬರೆದೆ. ತಿಂಗಳಿಗೆ ದೊಡ್ಡಕ್ಷರದ ಎರಡು 'ಎಂ' ಹಾಕಬೇಕು. ನಾನು ಹಾಕಿದ್ದು ಚಿಕ್ಕದು. ಚಿಕ್ಕ 'ಎಂ' ಎಂದರೆ ನಿಮಿಷ ಮಾರಾಯ್ರೇ! ಶುರು ಮಾಡಿದ್ದು ಮೇ ತಿಂಗಳಲ್ಲಿ. ತಿಂಗಳ ಜಾಗದಲ್ಲಿ 05 ಬಂತು, ಎಲ್ಲ ಸರಿ ಇದೆ ಎಂದುಕೊಂಡೆ. ಅದು 5:05ರ 05 ಎಂದು ಹೊಳೆಯಲೇ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಬೋಟೆಲ್ಲ ದಕ್ಕೆಯಲ್ಲಿ. ಆ ಫೋಲ್ಡರನ್ನು ಯಾರು ತೆರೆಯುತ್ತಾರೆ? ಕಂಪ್ಯೂಟರ್ ಮಾತ್ರ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು. ಜೂನ್ 1ರ ಚಿತ್ರ ಮೇ 1ರ ಮೇಲೆ ಕೂತಿತು, ಜೂನ್ 2ರದ್ದು ಮೇ 2ರ ಮೇಲೆ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಕ್ರೋಮ್ ಕೇಳುವುದಿಲ್ಲ, ಸುಮ್ನೆ ಅಳಿಸಿ ಬರೆಯುತ್ತದೆ. ಜೂನಿನಲ್ಲಿ 30 ದಿನ ತಾನೇ, ಮೇ 31ರದ್ದಾದರೂ ಉಳಿಯಬೇಕಿತ್ತು. ಜುಲೈ 31 ಅದನ್ನೂ ನುಂಗಿತು. ಆಗಸ್ಟಿನಲ್ಲಿ ತೆರೆದು ನೋಡಿದರೆ ಮೂರು ತಿಂಗಳಿಗೆ ಒಂದೇ ತಿಂಗಳ ಫೈಲ್. ಕರೆಂಟ್ ಬಂದ ಮೇಲೆ ತಡವಾಗಿ ಓಡಿದ ಒಂದೆರಡು ದಿನದ ಹೆಸರಿನಲ್ಲಿ 'ತಿಂಗಳು 42' ಎಂದಿತ್ತು. ಅದನ್ನು ಕಂಡ ಮೇಲೆಯೇ ತಪ್ಪು ಗೊತ್ತಾದದ್ದು.

ಈಗ ತಾರೀಕಿನ ಜೊತೆ ಗಂಟೆ, ನಿಮಿಷ, ಸೆಕೆಂಡ್ ಎಲ್ಲ ಹಾಕುತ್ತೇನೆ. ವರ್ಷ ಮೊದಲು ಬರಲಿ. ನಾವು ಬರೆಯುವ ಹಾಗೆ ದಿನ ಮೊದಲು ಹಾಕಿದರೆ ಜೂನ್ 1, ಜುಲೈ 1, ಆಗಸ್ಟ್ 1 ಒಟ್ಟಿಗೆ ಕೂರುತ್ತವೆ. ಹುಡುಕಲು ಆಗುವುದಿಲ್ಲ.

ಸುರತ್ಕಲ್‌ನಿಂದ:

ಹಳೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಇದನ್ನೇ ಮಾಡುವವರಿಗೆ ಒಂದು ಮಾತು. ಕನ್ನಡ ಅಕ್ಷರದ ಜಾಗದಲ್ಲಿ ಚೌಕ ಚೌಕ ಬಂದರೆ ಕ್ರೋಮ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಲೋಹಿತ್ ಕನ್ನಡ ಅಥವಾ ನೋಟೋ ಹಾಕಿ. ಲಿನಕ್ಸ್‌ನಲ್ಲಿ ಶೆಡ್ಯೂಲರಿನ ಕೆಲಸ ಮಾಡುವ ಕ್ರಾನ್‌ನ ಸಾಲಿನಲ್ಲಿ ತಾರೀಕು ಬರೆಯುವಾಗ ಶೇಕಡಾ ಚಿಹ್ನೆಗೆ ಮುಂಚೆ ಹಿಮ್ಮುಖ ಓರೆಗೆರೆ ಬೇಕು, ಇಲ್ಲದಿದ್ದರೆ ಕಮಾಂಡ್ ಅಲ್ಲಿಗೇ ಕಡಿದುಹೋಗುತ್ತದೆ. ಪೂರ್ತಿ ಸ್ಕ್ರೀನೇ ಬೇಕೆನ್ನುವವರಿಗೆ ಹಿಂದೆ 'ಸ್ಕ್ರಾಟ್' ಎಂಬ ಕಮಾಂಡ್ ಇತ್ತು, ಲಿನಕ್ಸ್‌ನಲ್ಲಿ ಸ್ಕ್ರೀನ್ ತೋರಿಸುವ ಹಳೆ ವ್ಯವಸ್ಥೆಯಾದ ಎಕ್ಸ್11ನಲ್ಲಿ ಈಗಲೂ ಚೆನ್ನಾಗಿದೆ. ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಅದನ್ನು ನಂಬಬೇಡಿ.

ಕದ್ರಿಯಿಂದ:

ಮ್ಯಾಕ್ ಇದ್ದವರಿಗೆ 'ಸ್ಕ್ರೀನ್‌ಕ್ಯಾಪ್ಚರ್' ಎಂಬ ಕಮಾಂಡ್ ಮೊದಲೇ ಇರುತ್ತದೆ. ಅಡ್ಡಗೆರೆ ಹಾಕಿ 'ಎಕ್ಸ್' ಎಂದರೆ ಕ್ಲಿಕ್ ಸದ್ದು ಬರುವುದಿಲ್ಲ. ಚಿತ್ರದಲ್ಲಿ ಬರೀ ವಾಲ್‌ಪೇಪರ್ ಕಂಡರೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಟ್ಟಿಲ್ಲ ಎಂದರ್ಥ. 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಿಂದ ಹೀಗೆ.

ಕೇಳಿದವರು, ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನದಿಂದ ಬರುತ್ತಿದೆ. ಮೊದಲ ದಿನ ಸಿಸ್ಟಮ್32ರ ತೊಂದರೆ ನನಗೂ ಆಯಿತು. ಚಿಕ್ಕ 'ಎಂ' ನಾನೂ ಹಾಕಿದ್ದೆ, ಮಲ್ಪೆಯವರು ಬಚಾವ್ ಮಾಡಿದರು. ಈಗ ಧಣಿಗಳದ್ದು ಹೊಸ ಬೇಡಿಕೆ. ಚಿತ್ರ ಎಲ್ಲ ಬೇಡ, ಪ್ರಿಂಟ್ ತೆಗೆದು ಫೈಲಿಗೆ ಹಾಕು ಅನ್ನುತ್ತಾರೆ. ಎಂತ ಮಾಡುವುದು?

ಮಣಿಪಾಲದಿಂದ:

ಅದೇ ಕಮಾಂಡಿನಲ್ಲಿ 'ಸ್ಕ್ರೀನ್‌ಶಾಟ್' ಇದ್ದ ಕಡೆ 'ಪ್ರಿಂಟ್-ಟು-ಪಿಡಿಎಫ್' ಎಂದು ಬರೆಯಿರಿ. ಪಿಡಿಎಫ್ ಬರುತ್ತದೆ. ಫೈಲಿನ ಹೆಸರಿನ ಬಾಲವನ್ನೂ ಪಿಡಿಎಫ್ ಅಂತ ಮಾಡಲು ಮರೆಯಬೇಡಿ.