ಸೋಮವಾರ ಓಡಿದ ಸ್ಟೈಲ್‌ಶೀಟ್ ಮಂಗಳವಾರ ಯಾಕೆ ನಿಂತಿತು?

ಪ್ರಶ್ನೆ (ದಾವಣಗೆರೆ): ನಮಸ್ಕಾರ ಮೇಡಂ. ಇಲ್ಲಿ ಎಪಿಎಂಸಿಯ ಒಂದು ದಲಾಲಿ ಅಂಗಡಿಗೆ ಮೆಕ್ಕೆಜೋಳದ ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಬಿಲ್) ಪ್ರಿಂಟ್ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ದಿನದ ಆವಕ ಎಕ್ಸ್‌ಎಂಎಲ್‌ನಲ್ಲಿ, ಅಂದರೆ ಪ್ರತಿ ವಿವರಕ್ಕೂ ಹೆಸರಿನ ಟ್ಯಾಗ್ ಇರುವ ಫೈಲಿನಲ್ಲಿ, ಬರುತ್ತದೆ. ಜಾವಾ ಕೋಡ್ ಅದನ್ನು ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟ್‌ನಿಂದ (ಎಕ್ಸ್‌ಎಂಎಲನ್ನು ಬೇರೆ ರೂಪಕ್ಕೆ ತರುವ ನಿಯಮಗಳ ಫೈಲ್) ಪಟ್ಟಿಯಾಗಿ ಮಾಡುತ್ತದೆ. ಹೋದ ವಾರ ಆ ನಿಯಮಗಳನ್ನು ಓಡಿಸಲು ಜಾವಾ ಜೊತೆಗೇ ಬರುವ ಪ್ರೊಸೆಸರ್ ಬಿಟ್ಟು ಸ್ಯಾಕ್ಸನ್ ಎಂಬ ಬೇರೆ ಪ್ರೊಸೆಸರ್ ಹಾಕಿದೆ, ಸ್ಟೈಲ್‌ಶೀಟ್ ವರ್ಷನ್ 1.0 ಇದ್ದದ್ದನ್ನು 2.0 ಮಾಡಿದೆ. ಸೋಮವಾರ ಚೆನ್ನಾಗಿ ಓಡಿತು. ಮಂಗಳವಾರ ‘ಪಟ್ಟಿ ಆಗಲಿಲ್ಲ’ ಅಂತ ನಿಂತಿತು. ನಡುವೆ ಒಂದಕ್ಷರ ಮುಟ್ಟಿಲ್ಲ. ರೈತರು ಕಾದು ಕೂತಿದ್ದರು, ಕೊನೆಗೆ ಕೈಯಲ್ಲೇ ಬರೆದುಕೊಟ್ಟರು.

ಉತ್ತರ: ‘ಪಟ್ಟಿ ಆಗಲಿಲ್ಲ’ ಅಂದದ್ದು ಯಾರು? ಸ್ಯಾಕ್ಸನ್‌ಗೆ ಕನ್ನಡ ಬರಲ್ಲ, ಅಲ್ವಾ? ಅದು ನಿಮ್ಮದೇ ಮಾತು. ನಿಮ್ಮ ಕ್ಯಾಚ್ (ಜಾವಾ ಕೋಡ್‌ನಲ್ಲಿ ಎರರ್ ಹಿಡಿಯುವ ಭಾಗ) ನಿಜವಾದ ಎರರ್ ನುಂಗಿಬಿಟ್ಟಿದೆ.

ಮೊದಲು ಕ್ಯಾಚ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಎಕ್ಸೆಪ್ಷನ್ ಹಿಡಿದು, ತಪ್ಪು ಏನು, ಎಲ್ಲಿ ಅಂತ ಅದರ ಗೆಟ್‌ಮೆಸೇಜ್‌ಅಂಡ್‌ಲೊಕೇಷನ್ ಕೊಡುವುದನ್ನು ಲಾಗ್‌ಗೆ ಬರೆಯಿರಿ. ಆಮೇಲೆ ನಿಮ್ಮದೇ ಎರರ್ ಲಿಸನರ್ (ಪ್ರೊಸೆಸರ್ ಹೇಳುವ ತಪ್ಪುಗಳನ್ನು ಕೇಳಿಸಿಕೊಳ್ಳುವ ಕ್ಲಾಸ್) ಹಾಕಿ. ವಾರ್ನಿಂಗ್, ಎರರ್, ಫೇಟಲ್ ಎರರ್ ಅಂತ ಮೂರೇ ಮೆಥಡ್. ಬಹಳ ಜನ ಅದನ್ನು ಟ್ರಾನ್ಸ್‌ಫಾರ್ಮರ್ ತಯಾರಿಸಿಕೊಡುವ ಫ್ಯಾಕ್ಟರಿಗೆ ಮಾತ್ರ ಹಾಕಿ ಸುಮ್ನಾಗುತ್ತಾರೆ. ಅದು ಸ್ಟೈಲ್‌ಶೀಟ್ ಕಂಪೈಲ್ ಆಗುವಾಗಿನ ತಪ್ಪಿಗೆ. ಓಡುವಾಗಿನ ತಪ್ಪಿಗೆ ಟ್ರಾನ್ಸ್‌ಫಾರ್ಮರ್‌ಗೂ ಹಾಕಬೇಕು. ನೀವೇ ಹಾಕದಿದ್ದರೆ ವಿವರ ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ಸಾಮಾನ್ಯವಾಗಿ ಕನ್ಸೋಲ್ ಪರದೆಗೆ, ಹೋಗುತ್ತದೆ. ಪ್ರೋಗ್ರಾಂ ಹಿಂದೆಲ್ಲೋ ಸರ್ವಿಸ್ ಆಗಿ ಓಡುತ್ತಿದ್ದರೆ ಅದನ್ನು ನೋಡುವವರು ಯಾರು?

ಸ್ಟೈಲ್‌ಶೀಟನ್ನು ಸ್ಟ್ರೀಮ್ ಮೂಲಕ ಓದುತ್ತಿದ್ದರೆ ಸ್ಟ್ರೀಮ್ ಸೋರ್ಸ್‌ಗೆ ಸಿಸ್ಟಂ ಐಡಿ (ಆ ಫೈಲಿನ ವಿಳಾಸ) ಕೂಡ ಕೊಡಿ. ಇಲ್ಲದಿದ್ದರೆ ಸಾಲಿನ ನಂಬರ್ ಬಂದರೂ ಯಾವ ಫೈಲ್ ಅಂತ ತಿಳಿಯಲ್ಲ.

ಪ್ರಶ್ನೆ: ಹಾಕಿದೆ ಮೇಡಂ, ಸಿಕ್ಕಿತು! ಎರರ್ ಕೋಡ್ ಎಕ್ಸ್‌ಪಿಟಿವೈ 0004, ಸಾಲು 58. ಗುಣಾಕಾರಕ್ಕೆ ಒಂದಕ್ಕಿಂತ ಜಾಸ್ತಿ ಐಟಂ ಕೊಡುವಂತಿಲ್ಲ ಅನ್ನುತ್ತಿದೆ. ಆ ಸಾಲಿನಲ್ಲಿ ಇರುವುದು ದರ ಗುಣಿಸು ತೂಕ, ಅಷ್ಟೇ. ಇದರಲ್ಲಿ ತಪ್ಪೇನು?

ಉತ್ತರ: ಆ 58 ಸ್ಟೈಲ್‌ಶೀಟಿನ ಸಾಲು, ಡೇಟಾದ ಸಾಲಲ್ಲ. ಯಾವುದೋ ಒಂದು ಚೀಟಿಯಲ್ಲಿ ದರದ ಟ್ಯಾಗ್ ಎರಡು ಸಲ ಬಂದಿರಬೇಕು. ಗುಣಾಕಾರದ ಮುಂಚೆ ಒಂದು ಎಕ್ಸ್‌ಎಸ್‌ಎಲ್ ಮೆಸೇಜ್ (ಓಡುವಾಗ ಸಂದೇಶ ಹೊರಗೆ ಬರೆಸುವ ಆಜ್ಞೆ) ಹಾಕಿ ಚೀಟಿ ನಂಬರ್ ಬರೆಸಿ. ಕೊನೆಗೆ ಬಂದ ನಂಬರೇ ಕಳ್ಳ.

ಗುಂಪಿನ ಇನ್ನೊಬ್ಬರು: ಇದಕ್ಕೆ ಇಷ್ಟೆಲ್ಲ ಯಾಕೆ? ದರದ ಮುಂದೆ ಚೌಕ ಬ್ರಾಕೆಟ್‌ನಲ್ಲಿ 1 ಹಾಕಿ, ಮೊದಲ ದರ ಮಾತ್ರ ತಗೋ ಅಂದರೆ ಮುಗೀತು.

ಉತ್ತರ: ಎರರ್ ಮುಗಿಯುತ್ತದೆ ಸರ್, ತಪ್ಪು ಮುಗಿಯಲ್ಲ. 1.0 ಮಾಡುತ್ತಿದ್ದದ್ದೂ ಅದನ್ನೇ. ಎರಡು ದರ ಕಂಡರೆ ಮೊದಲನೆಯದನ್ನು ತಗೊಂಡು ತೆಪ್ಪಗೆ ಲೆಕ್ಕ ಹಾಕುತ್ತಿತ್ತು. 2.0 ಬಾಯಿಬಿಟ್ಟು ಕೇಳುತ್ತಿದೆ, ಅಷ್ಟೇ. ಯಾವ ದರ ಸರಿ ಅಂತ ಮೊದಲು ಅಂಗಡಿಯವರನ್ನು ಕೇಳಿ.

ಪ್ರಶ್ನೆ: ಕೇಳಿದೆ. ಚೀಟಿ 37. ಗುಮಾಸ್ತರು ಮೊದಲು 2,150 ಹಾಕಿ, ಆಮೇಲೆ 2,180ಕ್ಕೆ ತಿದ್ದಿದ್ದಾರೆ. ನನ್ನ ಎಂಟ್ರಿ ಸ್ಕ್ರೀನ್ ಹಳೇ ದರ ಅಳಿಸದೆ ಹೊಸದನ್ನು ಕೆಳಗೆ ಸೇರಿಸಿದೆ. ಸರಿಯಾದದ್ದು ಎರಡನೆಯದು. 42 ಕ್ವಿಂಟಲ್‌ಗೆ 1,260 ರೂಪಾಯಿ ವ್ಯತ್ಯಾಸ. ಹಳೇ ಪ್ರೊಸೆಸರ್ ಇದ್ದಿದ್ದರೆ ರೈತರಿಗೆ ಅಷ್ಟು ಕಡಿಮೆ ಹೋಗುತ್ತಿತ್ತು.

ಉತ್ತರ: ಹಾಗಾದರೆ ಸ್ಟೈಲ್‌ಶೀಟ್ ಮುಟ್ಟಬೇಡಿ, ಎಂಟ್ರಿ ಸ್ಕ್ರೀನ್ ಸರಿಮಾಡಿ. ಹಳೇ ಎಕ್ಸ್‌ಎಂಎಲ್ ಇಟ್ಟಿದ್ದೀರಾ? ಒಂದು ಚೀಟಿಯಲ್ಲಿ ಎರಡು ದರ ಇರುವವನ್ನೆಲ್ಲ ಹುಡುಕಿ.

ಪ್ರಶ್ನೆ: ಇಟ್ಟಿದ್ದೇನೆ ಮೇಡಂ. ಇದುವರೆಗೆ ಒಂಬತ್ತು ಸಿಕ್ಕಿವೆ. ಸಾಹುಕಾರರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.